‘ಅವಸರ ಇಲ್ಲ’ ಅಂದ ಮಗ, ಹತ್ತು ಚೀಲ ಬೀಜ ಹಿಡಿದು ಕೂತ ವ್ಯಾಪಾರಿ

ನಮ್ಮದು ಮಡಕಶಿರ ಸೀಮೆಯ ಊರು. ಬಸ್ಸಿನ ಬೋರ್ಡು ತೆಲುಗು, ಮನೆಯ ಮಾತು ಕನ್ನಡ. ಸ್ವಲ್ಪ ದೂರ ನಡೆದರೆ ಪಾವಗಡ ತಾಲ್ಲೂಕು. 1953ರಲ್ಲಿ ಆಂಧ್ರ ರಾಜ್ಯ ಆದಾಗ ನಮ್ಮ ಸೀಮೆ ಅದರೊಳಗೆ ಉಳಿಯಿತು. 2022ರಲ್ಲಿ ಅನಂತಪುರ ಜಿಲ್ಲೆಯನ್ನು ಒಡೆದು ನಮ್ಮನ್ನು ಶ್ರೀ ಸತ್ಯಸಾಯಿ ಜಿಲ್ಲೆಗೆ ಹಾಕಿದರು. ಜಿಲ್ಲೆ ಬದಲಾಯಿತೇ ಹೊರತು ಸಂತೆ ಬದಲಾಗಲಿಲ್ಲ, ನೆಂಟರೂ ಬದಲಾಗಲಿಲ್ಲ. ಬೀಜ, ಎತ್ತು, ಹೆಣ್ಣು, ಸಾಲ ಎಲ್ಲವೂ ಎರಡೂ ಕಡೆ ಓಡಾಡುತ್ತವೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಎರಡೂ ಭಾಷೆಯಲ್ಲಿ ಪದ್ಯ ಕಟ್ಟುವ ಚಟ ಮಾತ್ರ ಚಿಕ್ಕಂದಿನಿಂದ ಬಿಟ್ಟಿಲ್ಲ. ಹಾಗಾಗಿ ನಮ್ಮ ಮನೆ ಮಕ್ಕಳಿಗೆ ಭಾಷೆಯ ತೊಂದರೆ ಏನಿರುತ್ತೆ ಅನ್ನೋ ಜಂಬ ನನಗಿತ್ತು. ಆ ಜಂಬ ಇಳಿದದ್ದು ಒಂದು ಮುಂಗಾರಿನಲ್ಲಿ.

ಪಾವಗಡದ ಕಡೆಯ ಒಬ್ಬ ಬೀಜದ ವ್ಯಾಪಾರಿ ನನಗೆ ಇಪ್ಪತ್ತು ವರ್ಷದ ಪರಿಚಯ. ಕಾಗದ ಇಲ್ಲ, ಸಹಿ ಇಲ್ಲ, ಮಾತಿನ ಮೇಲೇ ಕೊಡೋದು, ಮಾತಿನ ಮೇಲೇ ತೀರಿಸೋದು. ಆ ಸಲ ಅವರು ಫೋನಿಗೆ ಮೆಸೇಜು ಹಾಕಿದ್ದರು: ‘ಕಡಲೆಕಾಯಿ ಬೀಜ ಹತ್ತು ಚೀಲ ನಿಮಗಂತ ಎತ್ತಿಟ್ಟಿದ್ದೀನಿ, ಬೇಕಾ?’ ನನಗೆ ಈ ಕಡೆಯೇ ಬೀಜ ಸಿಕ್ಕಿತ್ತು. ಗುಂಟೆ ಹೂಡುವ ಗಡಿಬಿಡಿಯಲ್ಲಿದ್ದೆ. ತೆಲುಗು ಶಾಲೆಯಲ್ಲಿ ಒಂಬತ್ತನೇ ತರಗತಿ ಓದುತ್ತಿದ್ದ ಮಗನಿಗೆ, ‘ಈ ಸಲ ಬೇಡ ಅಂತ ಬರೆದುಬಿಡಪ್ಪ’ ಅಂದೆ. ಅವನು ಒಂದೇ ನಿಮಿಷದಲ್ಲಿ ಅಚ್ಚ ಕನ್ನಡ ಅಕ್ಷರದಲ್ಲೇ ಬರೆದು ಕಳಿಸಿದ: ‘ಬೀಜದ ಅವಸರ ಇಲ್ಲ.’

ಆರಿದ್ರಾ ಮಳೆ ಬಂತು, ಬಿತ್ತನೆ ಮುಗಿಯಿತು. ವ್ಯಾಪಾರಿ ಒಂದು ಬೆಳಿಗ್ಗೆ ಮೋಟರ್ ಸೈಕಲ್ ಹತ್ತಿ ಮನೆಗೇ ಬಂದರು. ಮುಖ ಗಂಟಿಕ್ಕಿತ್ತು. ‘ಅವಸರ ಇಲ್ಲ ಅಂದ್ರಿ, ನಿಧಾನಕ್ಕೆ ಒಯ್ತಾರೆ ಅಂತ ಕಾದೆ. ಕೇಳಿದವರಿಗೆಲ್ಲ ಇಲ್ಲ ಅಂದೆ. ಈಗ ಬಿತ್ತನೆ ದರಕ್ಕೆ ಹೋಗಬೇಕಾದ ಮಾಲು ಗಾಣದ ದರಕ್ಕೆ ಹೋಗ್ತದೆ. ಎಲ್ಲ ನಿಮ್ಮ ಹುಡುಗನ ಆಲಸ್ಯ!’ ಅಂದರು.

ಮಗ ಒಳಗಿಂದ ಓಡಿ ಬಂದ. ಕಣ್ಣಲ್ಲಿ ನೀರು. ‘ನಾನು ಆಲಸ್ಯ ಮಾಡಲೇ ಇಲ್ಲ! ನೀವು ಕೇಳಿದ ಒಂದೇ ನಿಮಿಷಕ್ಕೆ ಕಳಿಸಿದ್ದೀನಿ, ಟೈಮ್ ನೋಡಿ’ ಅಂತ ಫೋನು ಮುಂದೆ ಹಿಡಿದ. ಹುಡುಗ ಎದುರಾಡುತ್ತಾನೆ ಅಂತ ಅವರ ಸಿಟ್ಟು ಇನ್ನೂ ಏರಿತು.

ನಡುವೆ ನಿಂತ ನನಗೆ ಆಗ ಹೊಳೆಯಿತು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ತೆಲುಗಿನಲ್ಲಿ ‘ಅವಸರಂ’ ಅಂದರೆ ಬೇಕಾಗಿರುವುದು, ಅಗತ್ಯ. ಕನ್ನಡದಲ್ಲಿ ಅವಸರ ಅಂದರೆ ಗಡಿಬಿಡಿ, ತುರ್ತು. ತೆಲುಗಿನಲ್ಲಿ ‘ಆಲಸ್ಯಂ’ ಅಂದರೆ ತಡ. ಕನ್ನಡದಲ್ಲಿ ಆಲಸ್ಯ ಅಂದರೆ ಸೋಮಾರಿತನ. ಮಗ ‘ಬೀಜ ಬೇಡ’ ಅಂತ ಬರೆದಿದ್ದ, ಅವರು ‘ನಿಧಾನವಾಗಿ ಆಗಲಿ’ ಅಂತ ಓದಿದ್ದರು. ಅವರು ‘ಸೋಮಾರಿ’ ಅಂದರು, ಅವನು ‘ತಡ ಮಾಡಿದೆ’ ಅಂತ ಕೇಳಿಸಿಕೊಂಡ.

ಬಿಡಿಸಿ ಹೇಳಿದ ಮೇಲೆ ವ್ಯಾಪಾರಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ನಕ್ಕರು. ನಕ್ಕರೂ ನಷ್ಟ ನಷ್ಟವೇ. ಅರ್ಧ ನಾನು ಹೊತ್ತುಕೊಂಡೆ. ಆ ದುಡ್ಡಿಗಿಂತ ನನಗೆ ನೋವಾದದ್ದು, ಮಗ ಆ ರಾತ್ರಿ ಊಟಕ್ಕೆ ಬಾರದೆ, ‘ಇನ್ನು ಕನ್ನಡದಲ್ಲಿ ಬರೆಯೋದೇ ಇಲ್ಲ’ ಅಂದದ್ದು. ಗಡಿಯ ಊರಿನಲ್ಲಿ ಒಂದು ಭಾಷೆ ಸಾಯುವುದು ಹೀಗೇ ಇರಬೇಕು. ಯಾರೂ ಕೊಲ್ಲುವುದಿಲ್ಲ. ಒಂದು ಸಲ ಅವಮಾನವಾದ ಹುಡುಗ ಬಾಯಿ ಮುಚ್ಚಿಕೊಳ್ಳುತ್ತಾನೆ, ಅಷ್ಟೆ.

ಬೇವಿನ ಕಟ್ಟೆಯ ಪಾಠ

ಅದಕ್ಕೇ ಭಾನುವಾರ ಸಂಜೆ ಬೇವಿನ ಕಟ್ಟೆಯ ಮೇಲೆ ಓಣಿಯ ಹುಡುಗ ಹುಡುಗಿಯರನ್ನು ಕೂರಿಸಿಕೊಂಡೆ. ಮೊದಲ ವಾರ ನಾನು ಮಾಡಿದ್ದು ತಪ್ಪು. ಪದ ಈ ಕಡೆ, ಅರ್ಥ ಆ ಕಡೆ ಪಟ್ಟಿ ಬರೆಸಿದೆ. ಅವರು ಆಕಳಿಸಿದರು. ಬಾಯಿಪಾಠ ಮಾಡಿದವರೂ ಮಾತಿಗೆ ಇಳಿದಾಗ ಅದೇ ತಪ್ಪು ಮಾಡಿದರು. ಕಾಳನ್ನು ಡಬ್ಬದಲ್ಲಿಟ್ಟರೆ ಮೊಳೆಯೋದಿಲ್ಲ, ಮಣ್ಣಿಗೆ ಹಾಕಬೇಕು. ಪದಕ್ಕೆ ವಾಕ್ಯವೇ ಮಣ್ಣು. ಎರಡನೇ ವಾರದಿಂದ ಕಾಯಿದೆ ಮಾಡಿದೆವು: ಪದ ತಂದವರು ವಾಕ್ಯವನ್ನೂ ತರಬೇಕು, ಆ ಮಾತನ್ನು ಯಾರು ಯಾರಿಗೆ ಅಂದರು ಅನ್ನೋದನ್ನೂ ತರಬೇಕು.

ಮೊದಲನೇ ಸುತ್ತು, ಒಂದೇ ಸದ್ದಿನ ಪದಗಳದ್ದು. ಕಟ್ಟೆ ನಗುವಿನಿಂದ ತುಂಬಿತು. ತೆಲುಗಿನ ‘ಪೆದ್ದ’ ದೊಡ್ಡವನು, ಕನ್ನಡದ ಪೆದ್ದ ದಡ್ಡ. ತೆಲುಗಿನ ‘ಚಿನ್ನ’ ಸಣ್ಣದು, ಕನ್ನಡದ್ದು ಬಂಗಾರ. ತೆಲುಗಿನ ‘ಆಮೆ’ ಹೆಂಗಸು, ಕನ್ನಡದ ಆಮೆ ಕೆರೆಯಲ್ಲಿರುತ್ತೆ. ‘ಮಾಟ’ ಅಲ್ಲಿ ಬರೀ ಮಾತು, ಇಲ್ಲಿ ಮಂತ್ರವಾದಿಯ ಕೆಲಸ. ‘ಕೊಟ್ಟು’ ಅಂದರೆ ಅಲ್ಲಿ ಹೊಡಿ ಅಂತ, ಇಲ್ಲಿ ಕೈ ಎತ್ತಿ ನೀಡಿದ್ದು. ‘ಅಪ್ಪು’ ಇಲ್ಲಿ ತಬ್ಬಿಕೊಳ್ಳುವುದು, ಅಲ್ಲಿ ಸಾಲ. ರೈತನಿಗೆ ಎರಡೂ ಬಿಡೋದಿಲ್ಲ ಬಿಡಿ.

ಇವು ಸುಲಭ. ನಗು ಬಂದರೆ ತಪ್ಪು ತಾನೇ ಸಿಕ್ಕಿಬೀಳುತ್ತೆ. ಕಷ್ಟದ್ದು ಹತ್ತಿರ ಹತ್ತಿರ ಇರೋ ಪದಗಳು. ‘ಅವರ ಗೊಡವೆ ನಮಗೆ ಬೇಡ’ ಅಂದರೆ ಕನ್ನಡದಲ್ಲಿ ಅವರ ಉಸಾಬರಿ ಬೇಡ ಅಂತ. ತೆಲುಗಿನ ‘ಗೊಡವ’ ಜಗಳ, ಗಲಾಟೆ. ‘ಮದುವೆ ವಿಚಾರ ಮಾತಾಡಬೇಕು’ ಅಂದರೆ ನಮಗೆ ಸಂತೋಷದ ಸಂಗತಿ. ತೆಲುಗಿನ ‘ವಿಚಾರಂ’ ದುಃಖ. ವ್ಯಾಪಾರಕ್ಕೆ ಬಂದರೆ, ಕನ್ನಡದ ಖರೀದಿ ಕೊಳ್ಳುವ ಕೆಲಸ, ತೆಲುಗಿನ ‘ಖರೀದು’ ಬೆಲೆ. ಇಂಥ ಕಡೆ ಯಾರೂ ನಗೋದಿಲ್ಲ. ಇಬ್ಬರೂ ಅರ್ಥವಾಯಿತು ಅಂತಲೇ ತಲೆಯಾಡಿಸಿ ಮನೆಗೆ ಹೋಗುತ್ತಾರೆ. ಹತ್ತು ಚೀಲ ಬೀಜ ಮುಳುಗುವುದು ಅಲ್ಲೇ.

ಎರಡನೇ ಸುತ್ತು, ಒಂದೇ ಕೆಲಸಕ್ಕೆ ಹಲವು ಪದಗಳದ್ದು. ಇಂಗ್ಲಿಷಿನ ‘ಕಟ್’ ಅನ್ನೋದಕ್ಕೆ ಕನ್ನಡದಲ್ಲಿ ಏನಂತೀರಿ ಅಂದೆ. ‘ಕತ್ತರಿಸೋದು’ ಅಂದರು ಎಲ್ಲರೂ. ಹೊಲಕ್ಕೆ ಕರೆದುಕೊಂಡು ಹೋದೆ. ರಾಗಿಯನ್ನು ಕೊಯ್ಯುತ್ತೇವೆ, ಮರವನ್ನು ಕಡಿಯುತ್ತೇವೆ, ತರಕಾರಿ ಹೆಚ್ಚುತ್ತೇವೆ, ಬಟ್ಟೆ ಕತ್ತರಿಸುತ್ತೇವೆ, ಕಬ್ಬಿಣ ತುಂಡು ಮಾಡುತ್ತೇವೆ. ಕಡಲೆಕಾಯಿ ಗಿಡವನ್ನಂತೂ ಕೊಯ್ಯೋದಿಲ್ಲ, ಬೇರು ಸಮೇತ ಕೀಳುತ್ತೇವೆ. ಹೂವನ್ನು ಬಿಡಿಸುತ್ತೇವೆ. ‘ಹೂ ಕಡಿದೆ’ ಅಂದರೆ ಗಿಡಕ್ಕೇ ನೋವಾದ ಹಾಗೆ ಕೇಳಿಸುತ್ತೆ. ತೆಲುಗಿನಲ್ಲೂ ಹೂವಿಗೆ ‘ಕೊಯ್ಯಡಂ’, ಮರಕ್ಕೆ ‘ನರಕಡಂ’, ಕಡಲೆಕಾಯಿಗೆ ‘ಪೀಕಡಂ’ ಬೇರೆ ಬೇರೆಯೇ. ಪದಕ್ಕೂ ನೆಂಟರಿದ್ದಾರೆ, ಯಾರ ಮನೆಗೆ ಯಾರು ಹೋಗ್ತಾರೆ ಅನ್ನೋದು ಗೊತ್ತಿರಬೇಕು ಅಂದೆ. ಆ ಮಾತು ಹುಡುಗರಿಗೆ ಹಿಡಿಸಿತು. ಆಮೇಲೆ ಹೊಸ ಪದ ಬಂದಾಗಲೆಲ್ಲ, ‘ಇದಕ್ಕೆ ನೆಂಟರು ಯಾರು?’ ಅಂತ ಅವರೇ ಕೇಳತೊಡಗಿದರು.

ಮೂರನೇ ಸುತ್ತು, ಪದ ಯಾರಿಗೆ ಚುಚ್ಚುತ್ತೆ ಅನ್ನೋದು. ದನ ಸಾಯುತ್ತೆ, ಗಿಡ ಒಣಗುತ್ತೆ, ಹಿರಿಯರು ತೀರಿಕೊಳ್ಳುತ್ತಾರೆ. ಮೂರೂ ಒಂದೇ ಸಂಗತಿ, ಆದರೆ ಪದ ಅದಲು ಬದಲಾದರೆ ಮನೆಯವರ ಮನಸ್ಸು ಮುರಿಯುತ್ತೆ. ದೇವರ ಮುಂದಿನ ದೀಪ ಆರಿತು ಅನ್ನಲು ನಮ್ಮ ಹಿರಿಯರು ಹೆದರುತ್ತಾರೆ, ‘ದೀಪ ಶಾಂತವಾಯಿತು’ ಅನ್ನುತ್ತಾರೆ. ತೆಲುಗಿನವರು ‘ದೀಪ ಬೆಟ್ಟ ಹತ್ತಿತು’ ಅನ್ನುತ್ತಾರೆ. ಮನೆಯಿಂದ ಹೊರಡುವಾಗ ‘ಹೋಗ್ತೀನಿ’ ಅನ್ನೋದಿಲ್ಲ, ‘ಹೋಗಿ ಬರ್ತೀನಿ’ ಅಂತೀವಿ. ಇದು ಯಾವ ಪಟ್ಟಿಯಲ್ಲೂ ಸಿಗೋದಿಲ್ಲ, ಅಜ್ಜಿಯರ ಬಾಯಲ್ಲೇ ಸಿಗೋದು. ಅಜ್ಜಿಯರನ್ನು ಕೇಳಿಕೊಂಡು ಬನ್ನಿ ಅಂತ ಕಳಿಸಿದೆ. ಫೋನು ಬಿಟ್ಟು ಅಜ್ಜಿಯ ಹತ್ತಿರ ಕೂತದ್ದೇ ಒಂದು ಲಾಭ.

ಒಬ್ಬ ಹುಡುಗಿ ಒಳ್ಳೆಯ ಪ್ರಶ್ನೆ ಕೇಳಿದಳು: ‘ಮಾವ, ಅವಸರಕ್ಕೆ ಸರಿಯಾದ ಅರ್ಥ ಯಾವುದು? ನಮ್ಮದಾ, ತೆಲುಗಿನದಾ?’ ಎರಡೂ ಸರಿ ಅಂದೆ. ಪದ ಸಂಸ್ಕೃತದ್ದು. ಅಲ್ಲಿ ಅದರ ಅರ್ಥ ಸಮಯ, ಸಂದರ್ಭ. ಹಿಂದಿಯವರ ಮನೆಗೆ ಹೋಗಿ ಒಳ್ಳೆಯ ಅವಕಾಶವಾಯಿತು, ತೆಲುಗರ ಮನೆಯಲ್ಲಿ ಅಗತ್ಯವಾಯಿತು, ನಮ್ಮ ಮನೆಯಲ್ಲಿ ತುರ್ತು ಆಯಿತು. ಒಬ್ಬಳೇ ತಾಯಿಯ ಮಕ್ಕಳು ಬೇರೆ ಬೇರೆ ಊರಿಗೆ ಮದುವೆಯಾಗಿ ಹೋದ ಹಾಗೆ. ಯಾವ ಮನೆಯಲ್ಲಿ ಕೂತಿದ್ದೀವಿ ಅಂತ ನೋಡಿಕೊಂಡು ಮಾತಾಡಿದರೆ ಸಾಕು.

ಮಕ್ಕಳನ್ನು ತಿದ್ದುವಾಗ ನಾನು ಕಲಿತದ್ದು ಇನ್ನೊಂದಿದೆ. ನಾಲ್ಕು ಜನರ ಮುಂದೆ ‘ಅದು ತಪ್ಪು ಕನ್ನಡ’ ಅನ್ನಬಾರದು. ‘ಈ ಮಾತನ್ನು ಪಾವಗಡದವರು ಕೇಳಿದರೆ ಏನಂದುಕೊಳ್ತಾರೆ?’ ಅಂತ ಕೇಳಬೇಕು. ಹದಿನೈದರ ವಯಸ್ಸಿನವರಿಗೆ ಬೈಗುಳ ನೆನಪಿರುತ್ತೆ, ಪದ ಮರೆತುಹೋಗುತ್ತೆ. ಮತ್ತೆ, ದುಡ್ಡಿನ ಮಾತು ಬರೆಯುವಾಗ ಎರಡು ಅರ್ಥದ ಪದವೇ ಬೇಡ. ಬೇಕು, ಬೇಡ, ಇಷ್ಟು, ಇಂಥ ದಿನ ಅಂತ ಬರೆದರೆ ಯಾವ ಗಡಿಯಲ್ಲೂ ಕೆಡೋದಿಲ್ಲ. ದೊಡ್ಡವರಾದ ನಮಗೂ ಇದು ಅನ್ವಯಿಸುತ್ತೆ.

ಮುಂದಿನ ಮುಂಗಾರಿಗೆ ಮಗನೇ ಫೋನು ಹಿಡಿದ. ಕನ್ನಡದಲ್ಲೇ ಬರೆದ: ‘ಈ ಸಲ ಬೀಜ ಬೇಕು. ಎಂಟು ಚೀಲ. ಆರಿದ್ರಾ ಮಳೆಗೆ ಮುಂಚೆ ಬೇಕು.’ ಕಳಿಸುವ ಮೊದಲು ನನಗೆ ಓದಿ ಹೇಳಿದ.

ವ್ಯಾಪಾರಿಯ ಉತ್ತರ ಬಂತು: ‘ಅವಸರವೋ, ಅವಸರಮೋ?’

ಮಗ ನಗುತ್ತಾ ಒತ್ತಿದ: ‘ಎರಡೂ.’