ಮಣಿ ದಾಸ್‌ಗೆ ಜಾಗವಿದ್ದ ತಂಡ

ಕೋಲ್ಕತ್ತಾದ ಮೈದಾನದಲ್ಲಿ ಫುಟ್‌ಬಾಲ್ ಕ್ಲಬ್ಬಿನ ಮನೆಗೆ ‘ಟೆಂಟ್’ ಎನ್ನುತ್ತಾರೆ. ಮೋಹನ್ ಬಾಗಾನ್ ಟೆಂಟ್, ಈಸ್ಟ್ ಬೆಂಗಾಲ್ ಟೆಂಟ್, ಮೊಹಮ್ಮಡನ್ ಟೆಂಟ್. ಕೋಟ್ಯಂತರ ಅಭಿಮಾನಿಗಳಿರುವ ಕ್ಲಬ್ಬುಗಳಿಗೆ ಇದೆಂಥ ಗುಡಾರದ ಬಾಳು ಎಂದು ಹೊರಗಿನವರಿಗೆ ಅನಿಸಬಹುದು. ಫೋರ್ಟ್ ವಿಲಿಯಂ ಕೋಟೆಯ ಫಿರಂಗಿಗಳ ಗುರಿಗೆ ಅಡ್ಡ ಬಾರದಿರಲೆಂದು ಬ್ರಿಟಿಷರು ಖಾಲಿ ಬಿಡಿಸಿದ ಬಯಲು ಅದು. ಈಗಲೂ ಸೇನೆಯ ಸುಪರ್ದಿನಲ್ಲೇ ಇದೆ. ಮನಬಂದಂತೆ ಪಕ್ಕಾ ಕಟ್ಟಡ ಎಬ್ಬಿಸುವ ಹಾಗಿಲ್ಲ. ಸಂಜೆ ಆ ಕಡೆ ಹೋದರೆ ದೊಡ್ಡ ಕ್ಲಬ್ಬುಗಳ ಬೇಲಿಯಾಚೆ ಹೆಸರೇ ಇಲ್ಲದ ತಂಡಗಳು ಹತ್ತಾರು ಕಡೆ ಆಡುತ್ತಿರುತ್ತವೆ. ಚಪ್ಪಲಿಗಳ ಗುಡ್ಡೆಯೇ ಗೋಲು ಕಂಬ.

ಈ ಬಯಲಿನಲ್ಲಿ ತಮಾಷೆಗೆಂದು ತಂಡ ಕಟ್ಟಿದವರಲ್ಲಿ ಮೊದಲಿಗರು ಸಾಹೇಬರೇ. 1872ರ ಕ್ರಿಸ್‌ಮಸ್ ದಿನ ಇಂಗ್ಲೆಂಡಿನವರು ಒಂದು ಕಡೆ, ಸ್ಕಾಟ್ಲೆಂಡ್, ಐರ್ಲೆಂಡ್, ವೇಲ್ಸ್‌ನವರು ಇನ್ನೊಂದು ಕಡೆ ನಿಂತು ರಗ್ಬಿ ಆಡಿದರು. ಖುಷಿ ತಡೆಯಲಾರದೆ ಮರು ತಿಂಗಳೇ ಕಲ್ಕತ್ತಾ ಫುಟ್‌ಬಾಲ್ ಕ್ಲಬ್ ಹುಟ್ಟಿತು. ಸದಸ್ಯರು ಬಂದರು. ಅಲ್ಲಿ ಮದ್ಯ ಪುಕ್ಕಟೆ ಎಂಬುದೂ ಒಂದು ಕಾರಣ. ಆ ಧಾರಾಳ ನಿಂತಾಗ ಸದಸ್ಯರೂ ಕರಗಿದರು. ಸೆಖೆಗೆ ರಗ್ಬಿ ಒಗ್ಗಲಿಲ್ಲ, ಪೋಲೊ, ಟೆನಿಸ್‌ಗಳ ಸೆಳೆತ ಹೆಚ್ಚಿತು, ಐದಾರು ವರ್ಷಕ್ಕೇ ಕ್ಲಬ್ ಮುಚ್ಚಿತು. ಉಳಿದ ಹಣವನ್ನು ಅವರು ಹಂಚಿಕೊಳ್ಳಲಿಲ್ಲ. ಬ್ಯಾಂಕಿನಿಂದ ಬೆಳ್ಳಿ ರೂಪಾಯಿಗಳಾಗಿಯೇ ಬಿಡಿಸಿ, ಕರಗಿಸಿ, ಒಂದು ಕಪ್ ಮಾಡಿಸಿದರು: ಮೂರು ಹಿಡಿಕೆಗಳೂ ನಾಗರಹಾವುಗಳು, ಮುಚ್ಚಳದ ಮೇಲೊಂದು ಆನೆ. 1879ರಿಂದ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ರಗ್ಬಿ ತಂಡಗಳು ಈ ‘ಕಲ್ಕತ್ತಾ ಕಪ್’ಗಾಗಿಯೇ ಸೆಣಸುತ್ತಿವೆ. 1988ರಲ್ಲಂತೂ ಪಂದ್ಯ ಮುಗಿದ ರಾತ್ರಿ ಆಟಗಾರರು ಎಡಿನ್‌ಬರೋದ ಬೀದಿಯಲ್ಲಿ ಅದನ್ನೇ ಒದ್ದು ನಜ್ಜುಗುಜ್ಜು ಮಾಡಿದರು. ಕುಡಿತದಿಂದ ಬೆಳೆದ ಕ್ಲಬ್ಬಿನ ಕಪ್ಪಿಗೆ ಬಂದ ಗತಿ ಸರಿಯಾಗಿಯೇ ಇದೆ ಅನ್ನಿ.

ಸಾಹೇಬರ ಉತ್ಸಾಹ ಇಳಿಯುತ್ತಿದ್ದ ಅದೇ ಹೊತ್ತಿಗೆ, 1877ರಲ್ಲಿ, ಎಂಟು ವರ್ಷದ ಹುಡುಗನೊಬ್ಬ ತಾಯಿಯ ಜೊತೆ ಗಂಗಾಸ್ನಾನಕ್ಕೆಂದು ಗಾಡಿಯಲ್ಲಿ ಮೈದಾನದ ಪಕ್ಕ ಹಾದುಹೋಗುತ್ತಿದ್ದ. ಬಿಳಿಯರು ಆಡುತ್ತಿದ್ದುದನ್ನು ಕಂಡು ಗಾಡಿ ಇಳಿದ. ಉರುಳಿ ಬಂದ ಚೆಂಡನ್ನು ಎತ್ತಿಕೊಂಡ. ಇತ್ತ ಒದಿ ಎಂದ ಆಟಗಾರನ ಕಡೆಗೆ ಒದ್ದ. ಬಂಗಾಳದಲ್ಲಿ ಬಾಯಿಂದ ಬಾಯಿಗೆ ಬಂದ ಕಥೆ ಇದು. ಉಪ್ಪುಖಾರ ಸೇರಿಯೇ ಇರುತ್ತದೆ. ಹುಡುಗನ ಹೆಸರು ನಗೇಂದ್ರಪ್ರಸಾದ್ ಸರ್ವಾಧಿಕಾರಿ. ಭಾರತೀಯ ಫುಟ್‌ಬಾಲಿನ ಪಿತಾಮಹ ಎಂದು ಮುಂದೆ ಕರೆಸಿಕೊಂಡವರು.

ಮರುದಿನ ಹೇರ್ ಸ್ಕೂಲಿನಲ್ಲಿ ಗೆಳೆಯರ ಮುಂದೆ ವಿಷಯ ಬಿಚ್ಚಿಟ್ಟರು. ಹುಡುಗರು ಚಂದಾ ಎತ್ತಿದರು, ಮ್ಯಾಂಟನ್ ಕಂಪನಿಯ ಅಂಗಡಿಗೆ ಹೋಗಿ ಚೆಂಡು ಕೊಂಡರು. ಶಾಲೆಯ ಬಯಲಲ್ಲಿ ಆಟ ಶುರುವಾಯಿತು. ನಿಯಮ ಯಾರಿಗೂ ಗೊತ್ತಿಲ್ಲ. ಒದ್ದ ಚೆಂಡು ಒಂದು ದಿಕ್ಕಿಗೆ, ಪುಟಿದದ್ದು ಇನ್ನೊಂದು ದಿಕ್ಕಿಗೆ. ಪಕ್ಕದ ಪ್ರೆಸಿಡೆನ್ಸಿ ಕಾಲೇಜಿನ ಪ್ರೊಫೆಸರ್ ಸ್ಟ್ಯಾಕ್ ಈ ಗಲಾಟೆ ನೋಡಿ ಕೆಳಗಿಳಿದು ಬಂದರು. ಹುಡುಗರು ಕೊಂಡುತಂದದ್ದು ರಗ್ಬಿ ಚೆಂಡು! ಸ್ಟ್ಯಾಕ್ ಗುಂಡನೆಯ ಚೆಂಡು ಕೊಡಿಸಿದರು, ಆಡುವ ಬಗೆ ಹೇಳಿಕೊಟ್ಟರು. ಬಾಯ್ಸ್ ಕ್ಲಬ್ ಹುಟ್ಟಿದ್ದು ಹಾಗೆ. ಕೋಚ್ ಇಲ್ಲ, ಸಮವಸ್ತ್ರ ಇಲ್ಲ, ಬೂಟು ಮೊದಲೇ ಇಲ್ಲ.

ನಗೇಂದ್ರಪ್ರಸಾದರಿಗೆ ತಂಡ ಕಟ್ಟುವುದೇ ಒಂದು ಗೀಳಾಯಿತು. ಫ್ರೆಂಡ್ಸ್ ಕ್ಲಬ್, ಪ್ರೆಸಿಡೆನ್ಸಿ ಕ್ಲಬ್, ವೆಲಿಂಗ್ಟನ್ ಕ್ಲಬ್ ಎಂದು ಒಂದರ ಹಿಂದೊಂದು. ನನ್ನನ್ನು ಈ ಮನುಷ್ಯನ ಕಡೆಗೆ ಸೆಳೆದದ್ದು ಕಟ್ಟಿದ ತಂಡಗಳಲ್ಲ, ಮುರಿದ ತಂಡ. 1880ರ ದಶಕದ ವೆಲಿಂಗ್ಟನ್ ಕ್ಲಬ್ ಅನುಕೂಲಸ್ಥ ಮನೆಗಳ ಹುಡುಗರಿಂದ ತುಂಬಿತ್ತು. ಅದಕ್ಕೆ ನಗೇಂದ್ರಪ್ರಸಾದ್ ಮಣಿ ದಾಸ್ ಎಂಬ ಆಟಗಾರನನ್ನು ಸೇರಿಸಲು ಹೊರಟರು. ಮಣಿ ದಾಸ್ ಕುಂಬಾರನ ಮಗ. ಮೇಲ್ಜಾತಿಯ ಸದಸ್ಯರು ಒಪ್ಪಲಿಲ್ಲ. ಊಟದ ಮನೆಯ ಪಂಕ್ತಿಭೇದವನ್ನು ಆಟದ ಬಯಲಿಗೂ ತಂದು ಹಾಕಿದರು. ಇಂಥ ಪ್ರಸಂಗದಲ್ಲಿ ನಮ್ಮ ಸಂಘಸಂಸ್ಥೆಗಳ ಅಧ್ಯಕ್ಷರು ಮಾಡುವುದು ಗೊತ್ತೇ ಇದೆ: ಮುಂದಿನ ವರ್ಷ ನೋಡೋಣ ಎಂದು ಕಡತ ಮುಚ್ಚುತ್ತಾರೆ. ನಗೇಂದ್ರಪ್ರಸಾದ್ ಕ್ಲಬ್ಬನ್ನೇ ಮುಚ್ಚಿದರು.

1887ರಲ್ಲಿ ಶೋಭಾಬಜಾರ್ ಕ್ಲಬ್ ತಲೆ ಎತ್ತಿತು. ಶೋಭಾಬಜಾರಿನ ರಾಜಮನೆತನದ ಬೆಂಬಲ ಅದಕ್ಕಿತ್ತು. ನಗೇಂದ್ರಪ್ರಸಾದ್ ಆ ಮನೆಯ ಅಳಿಯ. ಹೊಸ ಕ್ಲಬ್ಬಿನ ಪಟ್ಟಿಯಲ್ಲಿ ಹೆಸರು ಬರೆಸಿಕೊಂಡ ಮೊದಲಿಗರಲ್ಲಿ ಮಣಿ ದಾಸ್ ಇದ್ದರು. ಅರಮನೆಯ ದುಡ್ಡಿನಲ್ಲಿ ನಡೆಯುವ ತಂಡದಲ್ಲಿ ಕುಂಬಾರನ ಮಗ ಆಡಬೇಕಾದರೆ ನಡುವೆ ನಿಂತವನಿಗೆ ಎಷ್ಟು ಗುಂಡಿಗೆ ಬೇಕಿತ್ತು, ಆ ಕಾಲದ ಬಂಗಾಳವನ್ನು ಬಲ್ಲವರು ಊಹಿಸಬಹುದು.

ತಂಡವೇನೂ ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂಬಂತಿರಲಿಲ್ಲ. 1889ರಲ್ಲಿ ಟ್ರೇಡ್ಸ್ ಕಪ್ ಶುರುವಾದಾಗ ಗೋರಾ ಪಲ್ಟಣಗಳ ಜೊತೆ ಕಣಕ್ಕಿಳಿದ ಭಾರತೀಯ ತಂಡ ಶೋಭಾಬಜಾರ್. 1892ರಲ್ಲಿ ಈಸ್ಟ್ ಸರ‍್ರೆ ರೆಜಿಮೆಂಟನ್ನು 2–1ರಿಂದ ಸೋಲಿಸಿತು. ಅತ್ತ ಬೂಟು, ಇತ್ತ ಬರಿಗಾಲು. ಚರ್ಮದ ಚೆಂಡು ಮಳೆಯಲ್ಲಿ ನೆನೆದು ಭಾರವಾದ ಮೇಲೆ ಬರಿಗಾಲಲ್ಲಿ ಒದೆಯುವುದು ಹುಡುಗಾಟವಲ್ಲ. ಮರುವರ್ಷ ಹುಟ್ಟಿದ ಇಂಡಿಯನ್ ಫುಟ್‌ಬಾಲ್ ಅಸೋಸಿಯೇಷನ್‌ನಲ್ಲಿ (ಐಎಫ್‌ಎ) ಹೆಸರಿಗೆ ಇಂಡಿಯನ್ ಇದ್ದರೂ ಆರಂಭದಲ್ಲಿ ಬಿಳಿಯರದೇ ಕಾರುಬಾರು.

ಶೋಭಾಬಜಾರ್ ಇರುವ ಉತ್ತರ ಕಲ್ಕತ್ತಾದಲ್ಲೇ, 1889ರ ಆಗಸ್ಟ್ 15ರಂದು, ಇನ್ನೊಂದು ತಂಡ ಕಟ್ಟಲು ಸಭೆ ಸೇರಿತ್ತು. ವಕೀಲ ಭೂಪೇಂದ್ರನಾಥ ಬಸು ಅಧ್ಯಕ್ಷರು. ಇಟ್ಟ ಹೆಸರು ಮೋಹನ್ ಬಾಗಾನ್ ಸ್ಪೋರ್ಟಿಂಗ್ ಕ್ಲಬ್. ವರ್ಷ ತುಂಬಿದ ಸಮಾರಂಭಕ್ಕೆ ಬಂದ ಪ್ರೊಫೆಸರ್ ರೋ, ನೀವೇನು ಬೇಟೆಯಾಡುತ್ತೀರಾ, ಮೀನು ಹಿಡಿಯುತ್ತೀರಾ ಎಂದು ಕೇಳಿದರಂತೆ. ಎರಡೂ ಇಲ್ಲದ್ದರಿಂದ ಹೆಸರು ಅಥ್ಲೆಟಿಕ್ ಕ್ಲಬ್ ಎಂದು ಬದಲಾಯಿತು. ಆ ತಂಡ 1911ರ ಜುಲೈ 29ರಂದು ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು 2–1ರಿಂದ ಮಣಿಸಿ ಐಎಫ್‌ಎ ಶೀಲ್ಡ್ ಗೆದ್ದದ್ದು ಎಲ್ಲರಿಗೂ ಗೊತ್ತು. ಹನ್ನೊಂದು ಮಂದಿಯಲ್ಲಿ ಬೂಟು ಹಾಕಿದ್ದವರು ಸುಧೀರ್ ಚಟರ್ಜಿ ಒಬ್ಬರೇ. ಆ ಗೆಲುವಿನ ಬೆಳಕಿನಲ್ಲಿ ಶೋಭಾಬಜಾರ್ ಮಂಕಾಯಿತು. ನಗೇಂದ್ರಪ್ರಸಾದ್ 1940ರಲ್ಲಿ ತೀರಿಕೊಂಡರು. 2021ರಲ್ಲಿ ‘ಗೋಲಂದಾಜ್’ ಎಂಬ ಬಂಗಾಳಿ ಸಿನಿಮಾ ಬಂದ ಮೇಲೆ ಹೊಸ ತಲೆಮಾರಿಗೆ ಅವರ ಹೆಸರು ತಿಳಿಯಿತು.

ಬಂಗಾಳಿಗಳ ಒಂದು ಗುಣ ಮೆಚ್ಚಬೇಕು. ಆಡಿದ್ದನ್ನೆಲ್ಲ ಬರೆದಿಡುತ್ತಾರೆ, ಚಂದಾ ಎತ್ತಿದ್ದು, ತಪ್ಪು ಚೆಂಡು ಕೊಂಡದ್ದು ಕೂಡ. ನಮ್ಮಲ್ಲಿ? ಮುಂಬೈಯ ರೋವರ್ಸ್ ಕಪ್ಪನ್ನು 1937ರಲ್ಲಿ ಗೆದ್ದ ಮೊದಲ ಭಾರತೀಯ ತಂಡ ಬ್ಯಾಂಗಲೂರ್ ಮುಸ್ಲಿಮ್ಸ್. ಮರುವರ್ಷವೂ ಕಪ್ ಅವರದೇ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆಡಿ, ಆಮೇಲೆ ಈಸ್ಟ್ ಬೆಂಗಾಲ್ ಪರ ಇಡೀ ಕೋಲ್ಕತ್ತಾವನ್ನು ಕುಣಿಸಿದ ಅಹ್ಮದ್ ಖಾನ್ ಬೆಂಗಳೂರಿನವರು. ಆಸ್ಟಿನ್ ಟೌನ್, ಗೌತಮಪುರ, ಹಲಸೂರುಗಳ ಗಲ್ಲಿ ತಂಡಗಳನ್ನು ಯಾರು ಕಟ್ಟಿದರು, ಮೊದಲ ಚೆಂಡಿಗೆ ಯಾರು ದುಡ್ಡು ಕೊಟ್ಟರು, ಯಾರನ್ನು ಸೇರಿಸಿಕೊಂಡರು, ಯಾರನ್ನು ಬಿಟ್ಟರು? ಬಲ್ಲ ಹಿರಿಯರು ಇನ್ನೂ ಕೆಲವರಿದ್ದಾರೆ. ಆ ಕಡೆಯ ಓದುಗರು ಯಾರಾದರೂ ಈ ವಾರವೇ ಅವರ ಬಳಿ ಕೂತು ಕೇಳಿ ಬರೆದುಕೊಳ್ಳಲಿ.