ಸಮಾಧಿಯಿಂದ ಕಡಲಿಗೆ

ನಂಜನಗೂಡು, ತಿರುಮಕೂಡಲು ನರಸೀಪುರಗಳ ನಮ್ಮ ಕುಟುಂಬಗಳು ಕಳೆದ ರಜೆಯಲ್ಲಿ ಚೆನ್ನೈಗೆ ಹೊರಟಾಗ ಮಕ್ಕಳ ಬಾಯಲ್ಲಿ ಇದ್ದುದು ಕಡಲೊಂದೇ. ಮೊದಲು ಸಾಂತೋಮ್ ಬಸಿಲಿಕವನ್ನು ದರ್ಶಿಸಿದೆವು. ಈಗಿನ ಗಾಥಿಕ್ ದೇವಾಲಯವು 1896ರದು. ಬಸಿಲಿಕ ಪದವಿ 1956ರಲ್ಲಿ ಲಭಿಸಿತು.

ಸಮಾಧಿಯ ಮುಂದೆ ಮೊಣಕಾಲೂರಿದ್ದ ನರಸೀಪುರದ ಅಜ್ಜಿಯೊಬ್ಬರು, "ಸ್ವಾಮಿ, ಸಂತ ತೋಮಸರು ಇಲ್ಲೇ ಅವ್ರಾ?" ಎಂದರು. ಹೌದೆಂದುಬಿಡುವುದು ಸುಲಭವಾಗಿತ್ತು. ಆದರೆ ಕ್ರಿ.ಶ. 72ರಲ್ಲಿ ಪರಂಗಿಮಲೆಯಲ್ಲಿ ಅವರು ರಕ್ತಸಾಕ್ಷಿಯಾದರೆಂಬುದಕ್ಕೆ ಸಂಪ್ರದಾಯವೇ ಆಧಾರ. ಅವರ ಅವಶೇಷಗಳಲ್ಲಿ ಬಹುಪಾಲು ಎದೆಸ್ಸಕ್ಕೆ ಹೋಗಿ, 1258ರಲ್ಲಿ ಇಟಲಿಯ ಒರ್ತೋನವನ್ನು ಸೇರಿದವೆಂದು ಪ್ರತೀತಿ. ಮುಟ್ಟಿ ನೋಡದೆ ನಂಬೆನೆಂದ ಪ್ರೇಷಿತರ ಎದುರಿನಲ್ಲಿ ಅರ್ಧಸತ್ಯ ನುಡಿಯಲು ನನಗೆ ಮನಸ್ಸಾಗಲಿಲ್ಲ. ಎಲ್ಲವನ್ನೂ ಹೇಳಿದೆ.

ಅಜ್ಜಿ ಕದಲಲಿಲ್ಲ. "ನನ್ ಮಗಂದೂ ದೇಹ ಸಿಗಲಿಲ್ಲ ಸ್ವಾಮಿ, ಸಂಗಮದಲ್ಲಿ. ಅಲ್ಲೇ ಬತ್ತಿ ಹಚ್ಚಿ ಬತ್ತೀನಿ," ಎಂದು ಇಲ್ಲಿಯೂ ಒಂದು ಮೇಣದಬತ್ತಿ ಹಚ್ಚಿದರು.

ಸಂಜೆ ಮರೀನಾ. ದೇವಿಪ್ರಸಾದ್ ರಾಯ್ ಚೌಧುರಿಯವರ ಶ್ರಮಿಕರ ಶಿಲ್ಪವನ್ನು ಮಕ್ಕಳು ನೋಡಿಯೂ ನೋಡದಂತೆ ದಾಟಿ ಓಡಿದರು. ಸೆಳೆತ ಬಲವಾಗಿರುವುದರಿಂದ ಅಲ್ಲಿ ಈಜುವುದು ನಿಷಿದ್ಧ. ಪಾದ ತೊಯ್ದರೆ ಸಾಕೆಂದು ಗದರಿಸಿ ನಿಲ್ಲಿಸಿದೆ.

"ನಮ್ ಹೊಳೆ ನೀರು ಇಲ್ಲಿಗೆ ಬತ್ತದಾ?" ಎಂದರು ಅಜ್ಜಿ. ಕಾವೇರಿಯು ಬಹು ದೂರ ದಕ್ಷಿಣದಲ್ಲಿ, ಪೂಂಪುಹಾರಿನ ಬಳಿ, ಇದೇ ಕಡಲನ್ನು ಸೇರುತ್ತದೆ ಎಂದೆ. ಅವರು ಬಗ್ಗಿ, ಒಂದು ಬೊಗಸೆ ನೀರೆತ್ತಿ, ಬಹಳ ಹೊತ್ತು ಹಿಡಿದೇ ನಿಂತರು.