ಮಿಶ್ರಣಗಳೂ ಅವುಗಳ ಬೇರ್ಪಡಿಕೆಯೂ

ಹಾಲುನೀರು ಬೆರೆತಿದ್ದರೆ ಹಂಸವು ನೀರನ್ನುಳಿಸಿ ಹಾಲನ್ನಷ್ಟೇ ಹೀರುವುದೆಂಬುದು ಕವಿಸಮಯ. ಅದು ವಿವೇಕಕ್ಕೆ ಉಪಮಾನವೇ ಹೊರತು ರಸಾಯನಶಾಸ್ತ್ರದ ಪಾಠವಲ್ಲ. ಹಸುವಿನ ಹಾಲಿನಲ್ಲಿಯೇ ನೂರಕ್ಕೆ ಸುಮಾರು 87 ಭಾಗ ನೀರಿರುತ್ತದೆ. ಆದರೂ ಬೆರೆತುದನ್ನು ಬೇರ್ಪಡಿಸಲು ಮೊದಲು ಭೇದವನ್ನರಿಯಬೇಕೆಂಬ ತತ್ತ್ವವು ಎರಡೆಡೆಯೂ ಒಂದೇ.

ಎರಡು ಅಥವಾ ಹೆಚ್ಚು ವಸ್ತುಗಳು ತಂತಮ್ಮ ಗುಣಗಳನ್ನುಳಿಸಿಕೊಂಡು, ನಿಯತ ಪ್ರಮಾಣವಿಲ್ಲದೆ ಕೂಡಿದರೆ ಅದು ಮಿಶ್ರಣ. ಕಬ್ಬಿಣದ ಪುಡಿಯನ್ನೂ ಗಂಧಕವನ್ನೂ ಬರಿದೆ ಕಲಸಿದರೆ ಅಯಸ್ಕಾಂತವು ಕಬ್ಬಿಣವನ್ನು ಸೆಳೆದುಕೊಳ್ಳುತ್ತದೆ. ಅವೆರಡನ್ನೂ ಕಾಸಿ ಸಂಯುಕ್ತವಾಗಿಸಿದ ಮೇಲೆ ಹಾಗೆ ಬೇರ್ಪಡಿಸಲಾಗದು.

ಮಿಶ್ರಣಗಳಲ್ಲಿ ಎರಡು ಬಗೆ. ಘಟಕಗಳು ಬೇರೆಬೇರೆಯಾಗಿಯೇ ಉಳಿದಿರುವುದು ಭಿನ್ನಜಾತೀಯ. ಅಕ್ಕಿಯೊಳಗಿನ ಕಲ್ಲು, ರಾಡಿನೀರು ಇದಕ್ಕೆ ನಿದರ್ಶನ. ಎಲ್ಲೆಡೆಯೂ ಒಂದೇ ತೆರನಾಗಿರುವುದು ಸಮಜಾತೀಯ. ಉಪ್ಪುನೀರು, ಗಾಳಿ, ಹಿತ್ತಾಳೆ ಈ ವರ್ಗದವು. ಹಾಲು ಕಣ್ಣಿಗೆ ಏಕರೂಪವೆನಿಸಿದರೂ ಸೂಕ್ಷ್ಮದರ್ಶಕದಲ್ಲಿ ಕೊಬ್ಬಿನ ಹನಿಗಳು ಕಾಣುವುದರಿಂದ ಅದು ಕಲಿಲವೆನಿಸಿಕೊಳ್ಳುತ್ತದೆ.

ಬೇರ್ಪಡಿಕೆಯ ಕ್ರಮಗಳಿಗೆ ನಮ್ಮ ಅಡಿಗೆಮನೆಯೂ ಕಣವೂ ಎಂದೋ ಹೆಸರಿಟ್ಟಿವೆ. ತೂರುವಾಗ ಹೊಟ್ಟು ಹಾರಿ ಕಾಳು ಬೀಳುವುದು ತೂಕದ ಭೇದದಿಂದ. ಜರಡಿ ಹಿಡಿಯುವುದೂ ಸೋಸುವುದೂ ಗಾತ್ರದ ಭೇದದಿಂದ. ಮೊಸರು ಕಡೆದಾಗ ಬೆಣ್ಣೆ ತೇಲುವುದು ಸಾಂದ್ರತೆಯ ಭೇದದಿಂದ. ಒಂದು ಕ್ರಿಯಾಪದದ ಎಡೆಯಲ್ಲಿ ಇನ್ನೊಂದು ಸಲ್ಲದು. ಬಾಲಕನು ಈ ಪದಗಳ ಅರ್ಥವನ್ನು ಬಲ್ಲನಾದರೆ ಪಾಠದ ಅರ್ಧವನ್ನು ಬಲ್ಲನೆಂದೇ ತಿಳಿಯಬೇಕು.

ದ್ರಾವಣಗಳಿಗೆ ಮಾತ್ರ ಜರಡಿಯೂ ಬಟ್ಟೆಯೂ ಸಾಲವು. ಗೋಕರ್ಣದ ಸಮೀಪದ ಸಾಣಿಕಟ್ಟೆಯಲ್ಲಿ ಬಿಸಿಲಿಗೆ ಕಡಲ ನೀರನ್ನು ಆರಿಸಿ ಉಪ್ಪು ಪಡೆಯುತ್ತಾರೆ. ನೀರೂ ಬೇಕೆಂದರೆ ಆವಿಯನ್ನು ತಣಿಸಿ ಬಟ್ಟಿ ಇಳಿಸಬೇಕು. ಮದ್ಯಸಾರವು 78 ಡಿಗ್ರಿಯಲ್ಲಿಯೂ ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿಯೂ ಕುದಿಯುವುದರಿಂದ ಅವನ್ನು ಬಹುಮಟ್ಟಿಗೆ ಬೇರೆಮಾಡಬಹುದು. ಕಚ್ಚಾತೈಲದಿಂದ ಪೆಟ್ರೋಲು, ಸೀಮೆಎಣ್ಣೆ, ಡೀಸೆಲ್ಲುಗಳನ್ನು ಪಡೆಯುವುದೂ ಇದೇ ತತ್ತ್ವದಿಂದ.

ಈ ವಿವೇಚನೆ ಕೇವಲ ಪರೀಕ್ಷೆಗಾಗಿ ಅಲ್ಲ. ಕೋಲಾರ, ಪಾವಗಡ ಮೊದಲಾದ ಬಯಲುಸೀಮೆಯ ಅನೇಕ ಕೊಳವೆಬಾವಿಗಳ ನೀರು ಸ್ಫಟಿಕದಂತೆ ತಿಳಿಯಾಗಿದ್ದರೂ ಅದರಲ್ಲಿ ಫ್ಲೋರೈಡು ಕರಗಿರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಅಂಥ ನೀರನ್ನು ಬಹುಕಾಲ ಕುಡಿದರೆ ಹಲ್ಲು ಕಂದುಗಟ್ಟುತ್ತವೆ. ಪ್ರಮಾಣವು ಇನ್ನೂ ಹೆಚ್ಚಿದರೆ ಮೂಳೆಗಳು ಬಿಗಿಯುತ್ತವೆ. ಬಟ್ಟೆಯಲ್ಲಿ ಸೋಸಿದರೆ ಅದು ಹೋಗದು. ಕುದಿಸಿದರೆ ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ. ವಿಶೇಷ ಅಲ್ಯೂಮಿನಾದ ಮೂಲಕವೋ ಒತ್ತಡದಿಂದ ಸೂಕ್ಷ್ಮಪೊರೆಯ ಮೂಲಕವೋ ಹಾಯಿಸಿ ಅದನ್ನು ತಗ್ಗಿಸಬಹುದು.

ತಿಳಿನೀರೆಲ್ಲವೂ ಶುದ್ಧನೀರಲ್ಲವೆಂಬ ಈ ಒಂದು ಅರಿವು ನಮ್ಮ ಶಾಲೆಯಿಂದ ಪ್ರತಿ ಮನೆಗೂ ಮುಟ್ಟಿದರೆ ಉಪಾಧ್ಯಾಯರ ಶ್ರಮವೂ ದಾನಿಗಳ ಔದಾರ್ಯವೂ ಸಾರ್ಥಕವಾಗುವುವು.